ಗೆಳತಿಯ ಹೊಲದ ಮೇಲೆ ನಾನು ಬರೆದ ತಕರಾರು ಅರ್ಜಿ

ಚನ್ನಗಿರಿಯಲ್ಲಿ ನಾವಿದ್ದ ಓಣಿಯೇ ಆ ಕಡೆಗೆ ಊರಿನ ಕೊನೆ. ಗುಡ್ಡದ ಕಡೆಯಿಂದ ಇಳಿಯುತ್ತಾ ಬರುವ ನೆಲ ನಮ್ಮ ಹಿತ್ತಲಿನ ಹತ್ತಿರ ಬರುವಷ್ಟರಲ್ಲಿ ಪೂರಾ ತಗ್ಗಾಗುತ್ತಿತ್ತು. ಹಿತ್ತಲ ಬಾಗಿಲು ತೆಗೆದರೆ ಎದುರಿಗೆ ಒಂದು ಹೊಲ. ಹೊಲದ ಆಚೆ ತುದಿಗೆ, ಎತ್ತರದ ಮೇಲೆ, ನನ್ನ ಗೆಳತಿಯ ಮನೆ. ಹೊಲ ಅವಳ ಅಪ್ಪನದು. ಅವರು ಅಡಿಕೆ ವ್ಯಾಪಾರಸ್ಥರು, ಪೇಟೆಯಲ್ಲಿ ಮಂಡಿ ಇತ್ತು. ನಾನು ಅವರನ್ನು ಮಂಡಿ ಮಾವ ಅನ್ನುತ್ತಿದ್ದೆ. ನೆಂಟಸ್ತನವೇನೂ ಇರಲಿಲ್ಲ. ಆದರೆ ಅವರ ಅಡುಗೆಮನೆಗೆ ನಾನು ಕೇಳದೆ ಹೋಗುತ್ತಿದ್ದೆ, ನಮ್ಮ ಅಡುಗೆಮನೆಗೆ ಅವಳು ಕೇಳದೆ ಬರುತ್ತಿದ್ದಳು.

ಒಂದನೇ ಕ್ಲಾಸಿನಿಂದ ಪಿಯುಸಿವರೆಗೆ ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತವರು. ಹೊಲದ ನಡುವೆ ಒಂದು ಕಾಲುದಾರಿ ಇತ್ತು, ನಮ್ಮಿಬ್ಬರ ಓಡಾಟದಿಂದಲೇ ಬಿದ್ದ ದಾರಿ. ವರ್ಷ ವರ್ಷ ಹೊಲ ಉತ್ತಾಗ ಅಳಿಸಿಹೋಗುತ್ತಿತ್ತು. ಹದಿನೈದು ದಿನದಲ್ಲಿ ಮತ್ತೆ ಅದೇ ಜಾಗದಲ್ಲಿ ಮೂಡುತ್ತಿತ್ತು. ಮುಂಗಾರಿಗೆ ಜೋಳ ಹಾಕುತ್ತಿದ್ದರು, ನಡುನಡುವೆ ಅಲಸಂದೆ. ಎಳೆ ಕಾಯಿ ಕಿತ್ತು ತಿನ್ನುತ್ತಾ ಬದುವಿನ ಮೇಲೆ ಕೂತು ಓದುತ್ತಿದ್ದೆವು. ಓದಿದ್ದಕ್ಕಿಂತ ಮಾತಾಡಿದ್ದೇ ಹೆಚ್ಚು. ಕೊಯ್ಲಾದ ಮೇಲೆ ಎತ್ತರದ ಮೂಲೆಯಲ್ಲಿ ಮಂಡಿ ಮಾವ ಚಾಪೆ ಹಾಸಿ ಅಡಿಕೆ ಹರಡಿಸುತ್ತಿದ್ದರು. ಆಡು ತುಳಿಯದ ಹಾಗೆ ನೋಡಿಕೊಳ್ಳುವುದು ನಮ್ಮ ಕೆಲಸ. ಅವಳ ಅಜ್ಜಿ, ಅಂದರೆ ಮಂಡಿ ಮಾವನ ತಾಯಿ, ಸೆರಗಿನಲ್ಲಿ ಖಾರ ಮಂಡಕ್ಕಿ ಕಟ್ಟಿಕೊಂಡು ಬಂದು ನಮ್ಮಿಬ್ಬರ ಮಡಿಲಿಗೂ ಸುರಿದು, ಅಲ್ಲೇ ಬಿಸಿಲಿಗೆ ಕಾಲು ಚಾಚಿ ಕೂರುತ್ತಿದ್ದರು.

ಆ ಹೊಲದಲ್ಲಿ ಇನ್ನೊಂದು ದಾರಿಯೂ ಇತ್ತು, ನೀರಿನದು. ಗುಡ್ಡದ ಮೇಲೆ ಜೋರು ಮಳೆಯಾದರೆ ಕೆಂಪು ನೀರು ಹೊಲದ ತಗ್ಗಿನಲ್ಲಿ, ನಮ್ಮ ಹಿತ್ತಲಿನ ಬೆನ್ನಿಗೇ ಹಾದು, ಕೆರೆಯ ಕಡೆ ಹೋಗುತ್ತಿತ್ತು. ಎರಡು ಮೂರು ತಾಸು ಮೊಣಕಾಲುದ್ದ ಹರಿದು ನಿಂತುಬಿಡುತ್ತಿತ್ತು. ವರ್ಷದ ಉಳಿದ ದಿನಗಳಲ್ಲಿ ಅಲ್ಲಿ ನೀರು ಹರಿಯುತ್ತದೆ ಅಂತ ಹೊಸಬರಿಗೆ ಗೊತ್ತಾಗುವ ಹಾಗಿರಲಿಲ್ಲ. ಹಳ್ಳ ಅನ್ನುವಷ್ಟು ಆಳವಿಲ್ಲ, ಕಾಲುವೆ ಅನ್ನುವುದಕ್ಕೆ ದಡವಿಲ್ಲ. ಮಳೆ ನಿಂತ ಕೂಡಲೇ ಅವಳು ಆ ಕಡೆ ಬಂದು ನಿಲ್ಲುತ್ತಿದ್ದಳು, ನಾನು ಈ ಕಡೆ. ನೀರು ಇಳಿಯುವ ತನಕ ಕೂಗಿಕೊಂಡೇ ಮಾತಾಡುತ್ತಿದ್ದೆವು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾವು ಎರಡನೇ ಪಿಯುಸಿಯಲ್ಲಿದ್ದೆವು. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಹೊಲದಲ್ಲಿ ಸರ್ವೆಯವರು ಸರಪಳಿ ಎಳೆದರು. ಕಲ್ಲು ನೆಟ್ಟರು, ಸುಣ್ಣದ ಗೆರೆ ಹಾಕಿದರು. ಕಾಲೇಜಿನಿಂದ ಬರುವಾಗ ಅವಳನ್ನು ಕೇಳಿದೆ, "ಏನೇ ಅದು?"

"ಸೈಟ್ ಮಾಡ್ತಾರಂತೆ ಕಣೆ. ಊರು ಇನ್ನು ಈ ಕಡೆಗೇ ಬೆಳೀತೈತೆ ಅಂತ ಅಪ್ಪಾಜಿ ಹೇಳ್ತಿದ್ರು. ನಮ್ಮನೆಯಿಂದ ನಿಮ್ಮನೆಗೆ ರಸ್ತೆ ಬರ್ತೈತೆ. ಲೈಟ್ ಕಂಬನೂ ಹಾಕ್ತಾರಂತೆ."

ಅವಳು ಸಂತೋಷದಲ್ಲಿದ್ದಳು. ನನಗೂ ಸಂತೋಷವೇ ಆಯಿತು. ಮಳೆಗಾಲದಲ್ಲಿ ಕೆಸರು ಮೆತ್ತಿಕೊಳ್ಳದೆ ಅವಳ ಮನೆಗೆ ಹೋಗಬಹುದಲ್ಲ ಅಂತಷ್ಟೇ ನಾನು ಯೋಚಿಸಿದ್ದು.

ನೀರಿನ ಯೋಚನೆ ಬಂದದ್ದು ನಮ್ಮ ಓಣಿಯ ದರ್ಜಿಗೆ. ಹೊಲಿಗೆ ಮಿಷನ್ನಿನ ಮುಂದೆ ಕೂತೇ ಊರಿನ ಸುದ್ದಿಯನ್ನೆಲ್ಲ ತಿಳಿದುಕೊಳ್ಳುವ ಮನುಷ್ಯ. ಪುರಸಭೆಯ ಬೋರ್ಡಿಗೆ ಹಚ್ಚಿದ ನೋಟೀಸನ್ನು ಓದಿ, ಒಳಗೆ ಹೋಗಿ ನಕ್ಷೆಯನ್ನೂ ನೋಡಿಕೊಂಡು ಸೀದಾ ನಮ್ಮ ಮನೆಗೆ ಬಂದರು. ಅಪ್ಪ ಪ್ರೈಮರಿ ಶಾಲೆ ಮೇಷ್ಟ್ರು, ಹಾಗಾಗಿ ಓಣಿಯ ಕಾಗದಪತ್ರದ ಕೆಲಸವೆಲ್ಲ ನಮ್ಮ ಜಗುಲಿಗೇ ಬರುತ್ತಿತ್ತು.

"ಮೇಷ್ಟ್ರೇ, ನೀರು ಹೋಗೋ ಜಾಗದಾಗೆ ಒಂದು ಸಾಲು ಸೈಟ್ ಹಾಕಿದಾರೆ" ಅಂದರು. "ಅಲ್ಲಿ ಮಣ್ಣು ತುಂಬಿ ಮನೆ ಕಟ್ಟಿದ್ರೆ ನೀರು ಎಲ್ಲಿಗೆ ಹೋಗ್ಬೇಕು ಹೇಳ್ರಿ. ನಮ್ಮ ಮನೆ ಒಳಕ್ಕೇ ಬರ್ತೈತೆ."

"ಮಂಡಿಯವ್ರ ಹತ್ರ ಒಂದ್ ಮಾತು ಕೇಳಬೇಕಿತ್ತಪ್ಪ."

"ಕೇಳ್ದೆ. ನಕ್ಷೆ ಮಾಡಿದ್ದು ಎಂಜಿನಿಯರು, ಅವರಿಗಿಂತ ನಿಮಗೆ ಜಾಸ್ತಿ ಗೊತ್ತಾ ಅಂದ್ರು."

ಅಷ್ಟೊತ್ತಿಗೆ ಓಣಿಯ ನಾಲ್ಕಾರು ಜನ ಸೇರಿದ್ದರು. ಓಣಿಯಲ್ಲೇ ಎಲ್ಲಕ್ಕಿಂತ ತಗ್ಗಿನ ಮನೆ ಮಂಡಕ್ಕಿ ಮಾರುವ ಒಬ್ಬ ಹೆಂಗಸಿನದು. ಗಂಡ ತೀರಿಕೊಂಡಿದ್ದ. ಹಿಂದೊಂದು ಸಲ ಯಾರೋ ಬದು ಎತ್ತರಿಸಿ ನೀರು ಹಿಂದಕ್ಕೆ ನಿಂತಾಗ ಆಕೆಯ ಮಣ್ಣಿನ ಗೋಡೆ ನೆನೆದು ಕುಸಿದಿತ್ತು. ಆಕೆ ಬಾಗಿಲ ಹತ್ತಿರ ನಿಂತೇ ಹೇಳಿದಳು, "ನನ್ನ ಗೋಡೆ ಒಂದ್ ಸಲ ಕುಂತೈತೆ. ಇನ್ನೊಂದ್ ಸಲ ಕುಂತ್ರೆ ಎಬ್ಬಿಸಾಕೆ ನನ್ನ ಕೈಲಿ ಆಗಲ್ಲ, ಮೇಷ್ಟ್ರೇ."

ಅರ್ಜಿ ಕೊಡುವುದು ಅಂತಾಯಿತು. ಬರೆಯುವವರು ಯಾರು? ಅಪ್ಪ ಸರ್ಕಾರಿ ನೌಕರರು, ಅವರ ಅಕ್ಷರವೂ ಇರಬಾರದು, ಸಹಿಯೂ ಇರಬಾರದು. ಅವರು ನನ್ನ ಕಡೆ ತಿರುಗಿ, "ನಿನ್ನ ಅಕ್ಷರ ದುಂಡಗೈತೆ. ನೀನು ಬರಿ, ನಾನು ಹೇಳ್ತೀನಿ" ಅಂದರು.

ಒಲ್ಲೆ ಅಂತ ನಾನು ಹೇಳಲಿಲ್ಲ. ಅಷ್ಟು ಜನ ದೊಡ್ಡವರ ನಡುವೆ ನನ್ನ ಕೈಗೆ ಪೆನ್ನು ಬಂದದ್ದು ನನಗೆ ಹೆಮ್ಮೆಯಾಗಿತ್ತು. ಮಾನ್ಯರೇ ಅಂತ ಶುರುಮಾಡಿ, ಈ ಕೆಳಗೆ ಸಹಿ ಮಾಡಿರುವ ನಿವಾಸಿಗಳಾದ ನಾವು ವಿನಂತಿಸಿಕೊಳ್ಳುವುದೇನೆಂದರೆ ಅಂತ ಬರೆಯುವಾಗ ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ಬಡಾವಣೆ ಬೇಡವೆಂದು ನಾವು ಕೇಳಲಿಲ್ಲ. ಮಳೆನೀರು ಹರಿಯುವ ಜಾಗವನ್ನು ಖಾಲಿ ಬಿಡಿಸಬೇಕು, ಬಿಡಿಸುವ ತನಕ ನಕ್ಷೆಗೆ ಮಂಜೂರಾತಿ ಕೊಡಬಾರದು, ಅಷ್ಟೇ. ಅಪ್ಪನಿಗೆ ಒಂದೊಂದು ಪದಕ್ಕೂ ಅನುಮಾನ. ನಾಲ್ಕು ಸಲ ತಿದ್ದಿ ಬರೆಸಿದರು.

ಮೂರನೇ ಸಲ ಬರೆಯುತ್ತಿದ್ದಾಗ ಅವಳು ಬಂದಳು. ಯಾವತ್ತಿನ ಹಾಗೆ ಹಿತ್ತಲ ಬಾಗಿಲಿಂದ, ಕೈಯಲ್ಲಿ ಇತಿಹಾಸದ ನೋಟ್ಸು ಹಿಡಿದುಕೊಂಡು. ನಾನು ಹಾಳೆಯನ್ನು ಪುಸ್ತಕದ ಅಡಿಗೆ ತಳ್ಳಿದೆ.

"ಏನೇ ಬರೀತಿದ್ದೆ?"

"ಇಂಗ್ಲಿಷ್ ಪ್ರಬಂಧ."

"ಯಾವುದು? ನನಗೂ ಕೊಡೇ ನೋಡಾನ."

"ಇನ್ನೂ ಮುಗಿದಿಲ್ಲ" ಅಂದೆ. ಅವಳು ನೋಟ್ಸು ಇಟ್ಟು, ಅಮ್ಮ ಕೊಟ್ಟ ಮಜ್ಜಿಗೆ ಕುಡಿದು ಹೋದಳು. ಅವತ್ತಿನ ತನಕ ನಾನು ಅವಳಿಗೆ ಸುಳ್ಳು ಹೇಳಿದ್ದು ನನಗೆ ನೆನಪಿಲ್ಲ.

ದರ್ಜಿ ಮನೆಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬಂದರು. ಅರ್ಧದಷ್ಟು ಹೆಬ್ಬೆಟ್ಟಿನ ಗುರುತು. ಅಪ್ಪನ ಬದಲು ಅಮ್ಮ ಸಹಿ ಹಾಕಿದರು. ಅರ್ಜಿ ಕೊಡುವ ದಿನ ದರ್ಜಿ ಮತ್ತು ಮಂಡಕ್ಕಿ ಮಾರುವಾಕೆಯ ಜೊತೆ ನಾನೂ ಪುರಸಭೆಗೆ ಹೋದೆ. ಗುಮಾಸ್ತರು ಮೊದಲಿಂದ ಕೊನೆಯವರೆಗೆ ಓದಿ, "ಚೆನ್ನಾಗಿ ಬರ್ದಿದಾರೆ. ಯಾರು ಬರ್ದಿದ್ದು?" ಅಂದರು. ದರ್ಜಿ ನನ್ನನ್ನು ತೋರಿಸಿದರು. ಗುಮಾಸ್ತರು ನಕ್ಕು ಮೊಹರು ಒತ್ತಿಕೊಟ್ಟರು. ಮನೆಗೆ ಬರುವ ತನಕ ನನಗೆ ಕಾಲು ನೆಲಕ್ಕೆ ಮುಟ್ಟಿದ ಹಾಗೆ ಇರಲಿಲ್ಲ.

ಹತ್ತು ದಿನ ಆಗಿರಬೇಕು. ಕಾಲೇಜಿಗೆ ಹೋಗುವಾಗ ಅವಳು ನನಗಾಗಿ ಕಾಯದೆ ಮುಂದೆ ಹೋಗಿದ್ದಳು. ಓಡಿ ಹೋಗಿ ಅವಳನ್ನು ಹಿಡಿದೆ. ಅವಳು ನಡೆಯುತ್ತಲೇ ಹೇಳಿದಳು.

"ಅಪ್ಪಾಜಿಗೆ ಪುರಸಭೆಯಿಂದ ಕಾಗದ ಬಂದೈತೆ. ಜೊತೆಗೆ ನಿಮ್ಮ ಅರ್ಜಿದೂ ಒಂದು ಕಾರ್ಬನ್ ಪ್ರತಿ. ಓದು ಅಂತ ನನ್ನ ಕೈಗೆ ಕೊಟ್ರು."

ಅವಳು ನಿಂತು ನನ್ನ ಕಡೆ ತಿರುಗಿದಳು.

"ನಿನ್ನ 'ಳ' ನನಗೆ ಗೊತ್ತಾಗಲ್ವೇನೇ? ಯಾರೂ ಹಂಗೆ ಬಾಲ ಎಳೆಯಲ್ಲ."

"ಓಣಿಯವರೆಲ್ಲ ಸೇರಿ ಬರೆಸಿದ್ದು. ನೀರು ಬರ್ತೈತೆ ಕಣೆ. ನಿನಗೇ ಗೊತ್ತಲ್ಲ."

"ನೀರು ಬರ್ತೈತೆ ಅಂತ ನನಗೆ ಗೊತ್ತು. ಅದಕ್ಕೆ ಸಿಟ್ಟಿಲ್ಲ ನನಗೆ. ನನ್ನ ಹತ್ರ ಒಂದು ಮಾತು ಹೇಳಬೌದಿತ್ತು. ಇಂಗ್ಲಿಷ್ ಪ್ರಬಂಧ ಅಂದೆಯಲ್ಲ."

ಅವಳು ಮುಂದೆ ಹೇಳಿದ್ದು ಇನ್ನೂ ನನ್ನ ಕಿವಿಯಲ್ಲಿದೆ. "ನಿಮ್ಮ ಹಿತ್ತಲಿಗೆ ಅಂಟಿಕೊಂಡಿರೋ ಸೈಟ್ ನನ್ನ ಹೆಸರಿಗೆ ಇಡ್ರಿ ಅಂತ ನಾನೇ ಅಪ್ಪಾಜಿಗೆ ಕೇಳಿದ್ದೆ. ಮದುವೆ ಆದ್ರೂ ಅಲ್ಲೇ ಮನೆ ಕಟ್ಕೊಂಡು ನಿಮ್ಮ ಪಕ್ಕದಾಗೇ ಇರಾನ ಅಂತ. ಆಯ್ತು ಅಂದಿದ್ರು."

ಅಷ್ಟು ಹೇಳಿ ಅವಳು ಮುಂದೆ ನಡೆದಳು. ಕ್ಲಾಸಿನಲ್ಲಿ ಬೆಂಚು ಬದಲಿಸಲಿಲ್ಲ, ಪಕ್ಕದಲ್ಲೇ ಕೂತಳು. ಕೇಳಿದ್ದಕ್ಕೆ ಉತ್ತರ ಕೊಟ್ಟಳು. ಆದರೆ ತಾನಾಗಿ ಏನೂ ಹೇಳುವುದನ್ನು ಅವತ್ತಿನಿಂದ ಬಿಟ್ಟಳು.

ಯುಗಾದಿ ಕಳೆದ ಮೇಲೆ ಸ್ಥಳ ತನಿಖೆಗೆ ಪುರಸಭೆಯ ಮುಖ್ಯಾಧಿಕಾರಿಗಳು ಬಂದರು, ಜೊತೆಗೆ ಒಬ್ಬ ಎಂಜಿನಿಯರು. ಮುಖ್ಯಾಧಿಕಾರಿ ನಡುವಯಸ್ಸಿನ, ಮೆತ್ತಗೆ ಮಾತಾಡುವ ಮನುಷ್ಯ. ಬಿಸಿಲು ಸುಡುತ್ತಿತ್ತು. ಹೊಲವನ್ನು ಹೊಸದಾಗಿ ಉತ್ತು ಹರಗಿದ್ದರು. ಎತ್ತ ನೋಡಿದರೂ ಒಂದೇ ಸಮ ಮಣ್ಣು, ಸುಣ್ಣ ಬಳಿದ ಕಲ್ಲುಗಳು. ನೀರು ಹರಿದ ಗುರುತು ಒಂದೂ ಇಲ್ಲ.

"ಸರ್ವೆ ನಕ್ಷೆಯಲ್ಲಿ ಹಳ್ಳ ಇಲ್ಲ, ಕಾಲುವೆ ಇಲ್ಲ" ಅಂದರು ಎಂಜಿನಿಯರು. "ಇಲ್ಲಿ ನೋಡಿದರೂ ಏನೂ ಕಾಣಲ್ಲ."

ನಮ್ಮವರೆಲ್ಲ ಒಟ್ಟಿಗೆ ಮಾತಾಡತೊಡಗಿದರು. ಒಬ್ಬರು ಇಲ್ಲಿ ಹರಿಯುತ್ತೆ ಅಂದರೆ ಇನ್ನೊಬ್ಬರು ಅಲ್ಲಲ್ಲ ಇನ್ನೂ ಈ ಕಡೆಗೆ ಅಂದರು. ಮಂಡಿ ಮಾವ ಬಿಳಿ ಪಂಚೆ ಉಟ್ಟು, ಕೊಡೆ ಹಿಡಿದು ಸುಮ್ಮನೆ ನಿಂತಿದ್ದರು. "ಸಾಹೇಬ್ರೇ, ಮಳೆ ಬಂದ್ರೆ ಎಲ್ಲಾ ಕಡೆ ನೀರು ಹರೀತೈತೆ. ಅಷ್ಟಕ್ಕೆ ಊರು ಬೆಳೆಯೋದು ಬೇಡ ಅಂದ್ರೆ ಹೆಂಗೆ?" ಅಂದರು. ಅವರ ಮಾತಿನಲ್ಲಿ ಮೋಸ ಇತ್ತು ಅಂತ ನನಗೆ ಅನ್ನಿಸಲಿಲ್ಲ. ಮಳೆ ಬೀಳುವ ಹೊತ್ತಿಗೆ ಅವರು ಯಾವಾಗಲೂ ಮಂಡಿಯಲ್ಲಿರುತ್ತಿದ್ದರು. ನೀರು ಎಷ್ಟು ಬರುತ್ತದೆ ಅಂತ ಅವರು ಕಣ್ಣಾರೆ ನೋಡಿರಲಿಲ್ಲವೇನೋ.

ಆಗ ಎತ್ತರದ ಮನೆಯಿಂದ ಅಜ್ಜಿ ಇಳಿದು ಬರುವುದು ಕಂಡಿತು. ಗೆಳತಿ ಅವರ ರಟ್ಟೆ ಹಿಡಿದಿದ್ದಳು. ಉತ್ತ ಮಣ್ಣಿನ ಹೆಂಟೆಗಳ ಮೇಲೆ ಕಾಲಿಡಲಾಗದೆ ಅಜ್ಜಿ ನಿಂತು ನಿಂತು ಬರುತ್ತಿದ್ದರು. ಹತ್ತಿರ ಬಂದು ಯಾರ ಮುಖವನ್ನೂ ನೋಡದೆ ಅಧಿಕಾರಿಗಳಿಗೆ ಕೈ ಮುಗಿದರು.

"ಏನ್ ಹುಡುಕ್ತಿದೀರಪ್ಪ?"

"ನೀರು ಎಲ್ಲಿ ಹರಿಯುತ್ತೆ ಅಂತ ನೋಡ್ತಿದೀವಿ, ಅಜ್ಜಿ."

"ಬರ್ರಿ ತೋರಿಸ್ತೀನಿ."

"ಅವ್ವಾ, ನೀನು ಮನೆಗೆ ನಡಿ" ಅಂದರು ಮಂಡಿ ಮಾವ. ಜೋರು ಮಾಡಲಿಲ್ಲ. ಆದರೆ ಅವರ ಮುಖ ಬಾಡಿತು.

"ಹೋಗ್ತೀನಿ ತಡಿ" ಅಂತ ಅಜ್ಜಿ ನಡೆಯತೊಡಗಿದರು. ಮೇಲಿನ ಬದುವಿನ ಮುರುಕಿನಿಂದ ಶುರುಮಾಡಿ, ಹೊಲದ ತಗ್ಗಿಗೆ ಇಳಿದು, ಕಲ್ಲು ನೆಟ್ಟ ಸೈಟುಗಳ ನಡುವೆಯೇ ಹಾದು, ನಮ್ಮ ಹಿತ್ತಲುಗಳ ಬೆನ್ನಿಗೆ ತಿರುಗಿ, ಕೆರೆಯ ಕಡೆಯ ಮೂಲೆಯ ತನಕ. ಅಧಿಕಾರಿಗಳು ಅವರ ಹಿಂದೆ, ನಾವೆಲ್ಲ ಅಧಿಕಾರಿಗಳ ಹಿಂದೆ. ಎರಡು ಕಡೆ ನಿಂತು, ಇಲ್ಲಿಂದ ಇಲ್ಲಿವರೆಗೆ ಅಂತ ಕೈ ಚಾಚಿ ಅಗಲವನ್ನೂ ತೋರಿಸಿದರು.

"ನಾನು ಮದುವೆ ಆಗಿ ಬಂದ ವರ್ಷದಿಂದ ನೋಡೀನಿ. ಇದೇ ಜಾಡು. ನಮ್ಮ ಎಮ್ಮೆಕರ ಒಂದು ಇಲ್ಲೇ ಕೊಚ್ಚಿಕೊಂಡು ಹೋತು" ಅಂದರು. ಆಮೇಲೆ ಮಗನ ಕಡೆ ತಿರುಗಿ, "ಮನೆ ಕಟ್ಟಾಕೆ ಬೇಕಾದಷ್ಟು ಜಾಗ ಐತೆ. ನೀರಿಗೆ ಇದೊಂದೇ ದಾರಿ" ಅಂದರು.

ಮಂಡಿ ಮಾವ ಕೊಡೆ ಮಡಿಸಿ ತಾಯಿಯ ಹತ್ತಿರ ಹೋಗಿ, ಅವರ ಇನ್ನೊಂದು ರಟ್ಟೆ ಹಿಡಿದುಕೊಂಡರು. ಅಪ್ಪ ಮಗಳು ಇಬ್ಬರೂ ಸೇರಿ ಆಕೆಯನ್ನು ಎತ್ತರಕ್ಕೆ ಹತ್ತಿಸಿಕೊಂಡು ಹೋದರು. ಗೆಳತಿ ಒಂದು ಸಲ ತಿರುಗಿ ನೋಡಬಹುದು ಅಂತ ನಾನು ಕಾದು ನಿಂತಿದ್ದೆ. ನೋಡಲಿಲ್ಲ.

ತಿಂಗಳೊಳಗೆ ಆದೇಶ ಬಂತು. ನೀರಿನ ಜಾಗವನ್ನು ಖಾಲಿ ಬಿಟ್ಟು ಎರಡೂ ಬದಿಗೆ ಕಲ್ಲು ಕಟ್ಟಿಸಬೇಕು, ಆ ಸಾಲಿನ ಸೈಟುಗಳನ್ನು ನಕ್ಷೆಯಿಂದ ತೆಗೆಯಬೇಕು, ಉಳಿದದ್ದಕ್ಕೆ ಮಂಜೂರಾತಿ. ದರ್ಜಿ ಓಣಿಗೆಲ್ಲ ಪೇಡೆ ಹಂಚಿದರು. ನನ್ನ ಕೈಗೆ ಎರಡು ಬಂದವು. ಒಂದನ್ನು ಅವಳಿಗೆ ಅಂತ ಎತ್ತಿಡುವುದು ನನ್ನ ಅಭ್ಯಾಸ. ಅವತ್ತೂ ಎತ್ತಿಟ್ಟೆ. ಆಮೇಲೆ ಅದನ್ನು ಯಾವ ಮುಖ ಹೊತ್ತು ಕೊಡುವುದು ಅಂತ ಹೊಳೆದು, ಅಮ್ಮನಿಗೆ ಕೊಟ್ಟುಬಿಟ್ಟೆ.

ಮಂಡಿ ಮಾವ ಜಗಳವಾಡಲಿಲ್ಲ. ಆದೇಶದಲ್ಲಿ ಹೇಳಿದ್ದಕ್ಕಿಂತ ಗಟ್ಟಿಯಾಗಿಯೇ ಕಲ್ಲು ಕಟ್ಟಿಸಿದರು. ಆದರೆ ಪೇಟೆಯಲ್ಲಿ ಅಪ್ಪನನ್ನು ಕಂಡರೆ ಇನ್ನೊಂದು ಬದಿಗೆ ಹೋಗುತ್ತಿದ್ದರು. ಅವಳ ಅಮ್ಮ ನಮ್ಮ ಅಮ್ಮನ ಜೊತೆ ಮಾತು ನಿಲ್ಲಿಸಿದರು. ಪರೀಕ್ಷೆ ಮುಗಿಯಿತು. ನಾನು ಟೀಚರ್ ಟ್ರೇನಿಂಗಿಗೆ ಸೇರಿದೆ, ಅವಳಿಗೆ ಜಗಳೂರಿನ ಕಡೆ ಗಂಡು ಗೊತ್ತಾಯಿತು. ಲಗ್ನಪತ್ರಿಕೆಯನ್ನು ಮಂಡಿಯ ಆಳೊಬ್ಬ ತಂದು ಜಗುಲಿಯ ಮೇಲಿಟ್ಟು ಹೋದ. ಮನೆಯವರು ಬಂದು ಕುಂಕುಮ ಕೊಟ್ಟು ಕರೆಯಲಿಲ್ಲ. "ಕರೀದೆ ಹೆಂಗೆ ಹೋಗೋದು?" ಅಂದರು ಅಮ್ಮ. ನಾನು ಎರಡು ಸಲ ಸೀರೆ ಉಟ್ಟು ಬಿಚ್ಚಿದೆ. ಧಾರೆಯ ಹೊತ್ತಿಗೆ ಜೋರಾದ ವಾಲಗ ಹೊಲ ದಾಟಿ ನಮ್ಮ ಅಡುಗೆಮನೆಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಅಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ, ಅಲ್ಲೇ ಕೂತು ಒಂದು ಹಿಡಿ ಅಕ್ಕಿಯನ್ನು ಆ ದಿಕ್ಕಿಗೆ ಹಾಕಿದರು.

ಆ ವರ್ಷವೂ ಮಳೆ ಚೆನ್ನಾಗಿಯೇ ಆಯಿತು. ನೀರು ಕಲ್ಲಿನ ಕಟ್ಟೆಗಳ ನಡುವೆ ಹರಿದು ಹೋಯಿತು. ಮಂಡಕ್ಕಿ ಮಾರುವಾಕೆಯ ಗೋಡೆ ನಿಂತಿತು. ನಾನು ಹಿತ್ತಲ ಬಾಗಿಲಲ್ಲಿ ನಿಂತು ನೋಡಿದೆ. ಆಚೆ ಬದಿಯಲ್ಲಿ ಅರ್ಧ ಎದ್ದ ಮನೆಗಳ ತಳಪಾಯ ಇತ್ತು, ಇಟ್ಟಿಗೆಯ ರಾಶಿ ಇತ್ತು. ಕೂಗಿ ಮಾತಾಡುವುದಕ್ಕೆ ಯಾರೂ ಇರಲಿಲ್ಲ. ಅರ್ಜಿಗೆ ಸಹಿ ಹಾಕಿದವರಲ್ಲೇ ಇಬ್ಬರು ಮುಂದೆ ಆ ಬಡಾವಣೆಯಲ್ಲಿ ಸೈಟು ಕೊಂಡರು. ಅದರಲ್ಲಿ ತಪ್ಪೇನೂ ಇಲ್ಲ. ನಾವು ಕೇಳಿದ್ದು ನ್ಯಾಯವಾದದ್ದನ್ನೇ, ಇವತ್ತಿಗೂ ಹಾಗೇ ಅನ್ನುತ್ತೇನೆ. ಆದರೂ ಆ ನ್ಯಾಯದ ಜೊತೆ ನನ್ನ ಕೈಬಿಟ್ಟು ಹೋದದ್ದು ಎಷ್ಟು ಅನ್ನುವುದು ಓಣಿಯಲ್ಲಿ ಬೇರೆ ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ.

ಮರುವರ್ಷ ಅಜ್ಜಿ ತೀರಿಕೊಂಡರು. ಆಗ ಓಣಿಗೆ ಓಣಿಯೇ ಹೋಯಿತು. ಮಂಡಿ ಮಾವ ಅಪ್ಪನ ಕೈ ಹಿಡಿದು, "ಬರ್ರಿ ಮೇಷ್ಟ್ರೇ" ಅಂದರು. ಅಷ್ಟೇ ಮಾತು. ನಾನು ಹೆಂಗಸರ ಗುಂಪಿನಲ್ಲಿ ಗೆಳತಿಯನ್ನು ಹುಡುಕಿದೆ. ಅಜ್ಜಿ ಹಾಸಿಗೆ ಹಿಡಿದದ್ದರಿಂದ ಅವಳನ್ನು ಬಾಣಂತನಕ್ಕೆ ತವರಿಗೆ ಕರೆತಂದಿರಲಿಲ್ಲವಂತೆ. ಜಗಳೂರಿನಲ್ಲೇ ಬಾಣಂತಿ, ಮಗು ಹುಟ್ಟಿ ಹನ್ನೊಂದು ದಿನವಾಗಿತ್ತಂತೆ, ಬಂದಿರಲಿಲ್ಲ. ಆಮೇಲೆ ಒಂದೆರಡು ವರ್ಷದಲ್ಲಿ ಮಂಡಿ ಮಾವ ಮನೆ ಮಾರಿ ವ್ಯಾಪಾರವನ್ನು ದಾವಣಗೆರೆಗೆ ಸಾಗಿಸಿದರು.

ನನಗೆ ತ್ಯಾವಣಿಗೆಯ ಹತ್ತಿರದ ಒಂದು ಹಳ್ಳಿಯಲ್ಲಿ ಕೆಲಸವಾಯಿತು. ಎಂಬತ್ತರ ದಶಕದ ನಡುವೆ, ನಮ್ಮ ಶಾಲೆಯ ಇನ್ನೊಬ್ಬ ಮೇಡಂ ಅವರ ತಮ್ಮನ ಮದುವೆ ಜಗಳೂರಿನಲ್ಲಿ ಆಯಿತು. ಆ ಮದುವೆಗೆ ಹೋಗಲು ನಾನು ಎಲ್ಲರಿಗಿಂತ ಮೊದಲು ಒಪ್ಪಿಕೊಂಡದ್ದು ಯಾಕೆ ಅಂತ ಯಾರೂ ಕೇಳಲಿಲ್ಲ. ಊಟವಾದ ಮೇಲೆ ಗೆಳತಿಯ ಮಾವನ ಹೆಸರು ಹೇಳಿಕೊಂಡು ಬಿಸಿಲಿನಲ್ಲಿ ಮನೆ ಹುಡುಕಿದೆ. ಅವಳ ಅತ್ತೆ ಶೇಂಗಾ ಬಿಡಿಸುತ್ತಾ ಕೂತಿದ್ದರು. ಬೆಲ್ಲ ನೀರು ಕೊಟ್ಟು, "ಮಗನಿಗೆ ನ್ಯಾಮತಿಗೆ ವರ್ಗ ಆತವ್ವ. ಕರೆಂಟಿನ ಕೆಲಸ, ಎಲ್ಲಿಗೆ ಹಾಕ್ತಾರೋ ಅಲ್ಲಿಗೆ ಹೋಗ್ಬೇಕು" ಅಂದರು. ವಿಳಾಸ ಬರೆದುಕೊಂಡು ಬಂದೆ.

ಪತ್ರ ಬರೆಯಲು ಹದಿನೈದು ದಿನ ಹಿಡಿಯಿತು. ಕೊನೆಗೆ ಬರೆದದ್ದು ನಾಲ್ಕೇ ಸಾಲು. ಒಂದು ಕಾರ್ಡು ಬಂತು. "ಬರುವ ಸೋಮವಾರ ಹೊನ್ನಾಳಿಗೆ ಹೋಗುವ ಕೆಲಸವಿದೆ, ತಾಲ್ಲೂಕು ಕಚೇರಿಗೆ. ನಿನಗೆ ರಜೆ ಸಿಕ್ಕರೆ ಬಸ್‌ಸ್ಟ್ಯಾಂಡಿಗೆ ಬಾ. ಹನ್ನೊಂದರ ಹೊತ್ತಿಗೆ ಇರುತ್ತೇನೆ."

ನಾನು ಒಂಬತ್ತೂವರೆಗೇ ಹೋಗಿ ಕೂತೆ. ನ್ಯಾಮತಿಯಿಂದ ಬರುವ ಬಸ್ಸುಗಳನ್ನೆಲ್ಲ ನೋಡಿದೆ. ಅವಳು ಇಳಿದಾಗ ನನಗೆ ಮೊದಲು ಗುರುತು ಹತ್ತಲಿಲ್ಲ, ಸ್ವಲ್ಪ ದಪ್ಪಗಾಗಿದ್ದಳು. ಅವಳಿಗೆ ನನ್ನ ಗುರುತು ಹತ್ತಿತು. ಬಂದು ಪಕ್ಕದಲ್ಲಿ ಕೂತು ನನ್ನ ಕೈಯನ್ನು ತನ್ನ ತೊಡೆಯ ಮೇಲೆಳೆದುಕೊಂಡಳು.

"ತಾಲ್ಲೂಕು ಕಚೇರಿಯಾಗೆ ಏನ್ ಕೆಲಸ ನಿಂದು?" ಅಂತ ಕೇಳಿದೆ.

ಅವಳು ಚೀಲದಿಂದ ಒಂದು ಹಾಳೆ ತೆಗೆದಳು. ಅರ್ಜಿ. ಅವಳ ಮಕ್ಕಳು ಹೋಗುವ ಶಾಲೆಯ ಪಕ್ಕದಲ್ಲಿ ಒಬ್ಬರು ಅಕ್ಕಿ ಗಿರಣಿ ಹಾಕುವುದಕ್ಕೆ ಪರವಾನಗಿ ಕೇಳಿದ್ದರಂತೆ. ಹೊಟ್ಟಿನ ಧೂಳು ತರಗತಿಯೊಳಗೆ ಬರುತ್ತದೆ, ಮಕ್ಕಳ ಕಣ್ಣಿಗೆ ಎದೆಗೆ ತೊಂದರೆ ಅಂತ ತಾಯಂದಿರೆಲ್ಲ ಸೇರಿ ಬರೆದ ತಕರಾರು. ಪಂಚಾಯ್ತಿಗೆ ಒಂದು ಪ್ರತಿ ಕೊಟ್ಟು, ತಹಶೀಲ್ದಾರರಿಗೆ ಇನ್ನೊಂದು ಕೊಡಲು ಬಂದಿದ್ದಳು.

"ನಾನೇ ಬರ್ದಿದೀನಿ. ನೀನು ಒಂದ್ಸಲ ನೋಡು. ಎಲ್ಲಾದ್ರೂ ತಪ್ಪಿದ್ರೆ ತಿದ್ದು."

ಓದಿದೆ. ಎರಡು ಕಡೆ ಪದ ಬದಲಿಸಬಹುದಿತ್ತು. ಬದಲಿಸಲು ಮನಸ್ಸಾಗಲಿಲ್ಲ. "ಚೆನ್ನಾಗೈತೆ" ಅಂದೆ.

"ಬರೆಯೋದಕ್ಕೆ ಮುಂಚೆ ಗಿರಣಿಯವರ ಮನೆಗೆ ಹೋಗಿದ್ದೆ ಕಣೆ" ಅಂದಳು. "ಅವರ ಹೆಂಡ್ತಿ ಜೊತೆ ಮಾತಾಡ್ದೆ. ನಾವು ಹಿಂಗೆ ಹಿಂಗೆ ಬರೀತಿದೀವಿ, ನಿಮ್ಮ ಮೇಲೆ ಸಿಟ್ಟಿಗಲ್ಲ, ಮಕ್ಕಳ ಸಲುವಾಗಿ, ಬೇರೆಯವರ ಬಾಯಿಂದ ಕೇಳಬ್ಯಾಡ್ರಿ ಅಂತ ಹೇಳಿ ಬಂದೆ. ಆಕೆ ಕಾಫಿ ಕೊಟ್ರು."

ಅದನ್ನು ಅವಳು ನನ್ನನ್ನು ಚುಚ್ಚುವುದಕ್ಕೆ ಹೇಳಲಿಲ್ಲ. ಹೇಗೆ ನಡೆಯಿತೋ ಹಾಗೆ ಹೇಳಿದಳು. ನನಗೆ ಕಣ್ಣು ತುಂಬಿ ಬಂತು.

"ನಾನು ಅವತ್ತು ನಿನಗೆ ಹೇಳಬೇಕಿತ್ತು."

"ಹೂಂ, ಹೇಳಬೇಕಿತ್ತು" ಅಂದಳು. ಇಲ್ಲ ಬಿಡೇ ಅಂತ ಅವಳು ತೇಲಿಸಲಿಲ್ಲ. "ನೀನು ಮದುವೆಗೆ ಬರ್ತೀಯ ಅಂತ ಕೊನೇ ತನಕ ಬಾಗಿಲು ನೋಡ್ತಿದ್ದೆ. ಕರೆಯಾಕೆ ನಮ್ಮನೆಯವರು ಬರಲಿಲ್ಲ ಅನ್ನೋದು ನನಗೆ ಆಮೇಲೆ ಗೊತ್ತಾತು" ಅಂದಳು.

ಇಬ್ಬರೂ ತಾಲ್ಲೂಕು ಕಚೇರಿಗೆ ಹೋಗಿ ಅರ್ಜಿ ಕೊಟ್ಟೆವು. ವಾಪಸ್ ಬಂದು ಹೋಟೆಲಿನಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದೆವು. ತನ್ನ ಎರಡು ಮಕ್ಕಳ ಬಗ್ಗೆ ಹೇಳಿದಳು, ನನ್ನ ಶಾಲೆಯ ಬಗ್ಗೆ ಕೇಳಿದಳು. ಹಳೆಯ ಕ್ಲಾಸಿನ ಹುಡುಗಿಯರು ಯಾರು ಎಲ್ಲಿದ್ದಾರೆ ಅಂತ ಲೆಕ್ಕ ಹಾಕಿದೆವು. ಮುಗಿಯುವಷ್ಟರಲ್ಲಿ ನ್ಯಾಮತಿ ಬಸ್ಸು ಬಂದು ನಿಂತಿತು. ಶಾಲೆ ಬಿಡುವ ಹೊತ್ತಿಗೆ ಅವಳು ಊರಲ್ಲಿರಬೇಕಿತ್ತು. ಕಿಟಕಿಯ ಪಕ್ಕ ಕೂತು, "ಪತ್ರ ಬರಿ" ಅಂದಳು.

ಬರೆದೆ. ಅವಳೂ ಬರೆದಳು. ಗಿರಣಿಗೆ ಪರವಾನಗಿ ಸಿಕ್ಕಿತಂತೆ. ಆದರೆ ಶಾಲೆಯ ಕಡೆಗೆ ಎತ್ತರದ ಗೋಡೆ ಕಟ್ಟಬೇಕು, ಹೊಟ್ಟು ಬೀಳುವ ಕೊಳವೆಯನ್ನು ಇನ್ನೊಂದು ಬದಿಗೆ ತಿರುಗಿಸಬೇಕು ಅಂತ ಷರತ್ತು ಹಾಕಿದರಂತೆ. ಗಿರಣಿಯವರು ಮಾಡಿಸಿಕೊಟ್ಟರಂತೆ. ಅವರ ಹೆಂಡತಿಯೂ ತಾನೂ ಈಗ ಸಂಜೆ ಒಟ್ಟಿಗೆ ವಾಕಿಂಗ್ ಹೋಗುತ್ತೇವೆ, ಮಕ್ಕಳೂ ಒಂದಾಗಿದ್ದಾವೆ ಅಂತ ಬರೆದಿದ್ದಳು. ಓದಿ ನನಗೆ ಸಂತೋಷವಾಯಿತು. ಹೊಟ್ಟೆಕಿಚ್ಚೂ ಆಯಿತು. ಆ ಹೆಂಗಸನ್ನು ನಾನು ನೋಡಿಯೂ ಇರಲಿಲ್ಲ, ಆಕೆಯ ಜಾಗದಲ್ಲಿ ನಾನಿರಬೇಕಿತ್ತು ಅಂತ ಎಷ್ಟೋ ಸಂಜೆ ಅನ್ನಿಸಿದ್ದುಂಟು.

ಬೇಸಿಗೆ ರಜೆಗೆ ನ್ಯಾಮತಿಗೆ ಬಂದು ಎಂಟು ದಿನ ಇದ್ದು ಹೋಗು ಅಂತ ಕರೆದಿದ್ದಳು. ಹೊರಡುವ ವಾರದಲ್ಲಿ ಅಮ್ಮ ಹಾಸಿಗೆ ಹಿಡಿದರು. ಮುಂದಿನ ರಜೆಗೆ ಬರುತ್ತೇನೆ ಅಂತ ಬರೆದೆ. ಆ ರಜೆಯೊಳಗೆ ಅವಳ ಗಂಡನಿಗೆ ಮತ್ತೆ ವರ್ಗವಾಯಿತು. ಉತ್ತರದ ಕಡೆ ಎಲ್ಲಿಗೋ, ಮನೆ ಸಿಕ್ಕ ಮೇಲೆ ವಿಳಾಸ ಕಳಿಸುತ್ತೇನೆ ಅಂತ ಅವಸರದಲ್ಲಿ ಬರೆದ ಒಂದು ಇನ್‌ಲ್ಯಾಂಡ್ ಪತ್ರ ಬಂತು. ವಿಳಾಸ ಬರಲಿಲ್ಲ, ಅಥವಾ ಬಂದದ್ದು ನನಗೆ ತಲುಪಲಿಲ್ಲ. ಅಷ್ಟೊತ್ತಿಗೆ ನನಗೂ ಬೇರೆ ಊರಿಗೆ ವರ್ಗವಾಗಿತ್ತು. ಜಗಳೂರಿಗೆ ಬರೆದ ಪತ್ರ ವಾಪಸ್ ಬಂತು.

ನ್ಯಾಮತಿ ಕಡೆಯವರು ಯಾರಾದರೂ ಸಿಕ್ಕರೆ ವಿಚಾರಿಸುತ್ತಿದ್ದೆ. ಮೊದಮೊದಲು, ಹೌದು, ಶಾಲೆ ಪಕ್ಕದ ಬಾಡಿಗೆ ಮನೆಯಲ್ಲಿದ್ದರು, ಒಳ್ಳೆ ಹೆಂಗಸು ಅನ್ನುವವರು ಒಬ್ಬಿಬ್ಬರು ಸಿಗುತ್ತಿದ್ದರು. ಅಷ್ಟು ಕೇಳಿದರೂ ನನಗೆ ಒಂದು ದಿನ ಹಿತವಾಗಿರುತ್ತಿತ್ತು. ಈಗ ಅಂಥವರೂ ಸಿಗುವುದಿಲ್ಲ. ಆದರೂ ಕೇಳುವುದನ್ನು ನಾನು ಬಿಟ್ಟಿಲ್ಲ.